ಗೌರಿಗೊಂದು ಗಂಡುಕುದುರೆ ಹುಡುಕುತ್ತಾ ಐರ್ಲೆಂಡ್ ಸುತ್ತಿದ್ದು

ಗುರುವಾರ, ಕಿಲ್‌ಕಲನ್ ಹತ್ತಿರದ ಫಾರ್ಮ್

ಐರ್ಲೆಂಡಿನಲ್ಲಿ ಜನವರಿ ಮಧ್ಯದ ಹೊತ್ತಿಗೆ ಕುದುರೆ ಸಾಕುವ ಸ್ಟಡ್ ಫಾರ್ಮ್‌ಗಳು ಎರಡು ದಿನ ಗೇಟು ತೆರೆದಿಡುತ್ತವೆ. ಸ್ಟಾಲಿಯನ್ ಟ್ರೇಲ್ ಅಂತ ಕರೀತಾರೆ. ಹೆಣ್ಣುಕುದುರೆ ಇದ್ದವರು, ಇಲ್ಲದವರು, ಸುಮ್ನೆ ನೋಡೋಕೆ ಬಂದವರು, ಯಾರು ಬೇಕಾದರೂ ಹೋಗಬಹುದು. ಕೋಟಿಗಟ್ಟಲೆ ಬಾಳುವ ಗಂಡುಕುದುರೆಗಳನ್ನು ನಿಮ್ಮ ಮುಂದೆ ತಂದು ನಿಲ್ಲಿಸಿ, ನಡೆಸಿ ತೋರಿಸುತ್ತಾರೆ. ಜೊತೆಗೆ ಚಹಾ, ಸೂಪು, ಸ್ಯಾಂಡ್‌ವಿಚ್ ಬೇರೆ.

2024ರ ಸೀಸನ್‌ಗೆ ನಮಗೂ ಒಂದು ಗಂಡು ಬೇಕಿತ್ತು. ನಾನು ಮತ್ತು ಇಬ್ಬರು ಗೆಳೆಯರು ಸೇರಿ ಗಾಫ್ಸ್ ಹರಾಜಿನಲ್ಲಿ ಕೊಂಡ ಒಂದು ಹೆಣ್ಣುಕುದುರೆ ಇದೆ. ರೇಸಿನ ಹೆಸರು ಏನೋ ಇದೆ, ಮನೆಯಲ್ಲಿ ಎಲ್ಲರಿಗೂ ಅವಳು ಗೌರಿ. ಹೋದ ವರ್ಷ ಗಬ್ಬ ನಿಲ್ಲಲಿಲ್ಲ, ಖಾಲಿ ಉಳಿದಳು. ಮೇವು, ಲಾಯ, ಲಾಳದವನ ಕೂಲಿ ಮಾತ್ರ ಖಾಲಿ ಉಳಿದ ವರ್ಷವೂ ಅಷ್ಟೇ.

ಟ್ರೇಲ್‌ಗೆ ಹೊರಡುವ ಹಿಂದಿನ ದಿನ ಭಾವ ಹೇಳಿದ್ದು ಒಂದೇ ಮಾತು. "ಮೊದಲು ನಮ್ಮ ಹುಡುಗೀನ ಸರಿಯಾಗಿ ನೋಡು. ಆಮೇಲೆ ಗಂಡು." ಭಾವ ಹೆಬ್ಬಾಳದಲ್ಲಿ ಓದಿದ ವೆಟ್. ಊರಲ್ಲಿದ್ದಾಗ ಕುಣಿಗಲ್ ಕಡೆ ಕುದುರೆಗಳ ಕೆಲಸ ಮಾಡಿದವರು. ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು ಅದು, ಅಲ್ಲಿ ಪಳಗಿದ ಕಣ್ಣು. ಈಗ ಅಕ್ಕನ ಜೊತೆ ಇಲ್ಲೇ ಕಿಲ್ಡೇರ್‌ನಲ್ಲಿದ್ದಾರೆ.

ಗೌರಿ ಬೇಲಿ ಹತ್ತಿರ ನಿಂತಿದ್ದಳು. ಮುಖಕ್ಕೆ ಒಂದು ಮಾಸ್ಕ್, ಬಲಗಣ್ಣಿನ ಮೇಲೆ ಕಪ್‌ನಂಥದ್ದು. ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಿದ್ದ ಹಾಗೆ ಅದರೊಳಗೆ ನೀಲಿ ದೀಪ ಹೊತ್ತಿಕೊಂಡಿತು. ರಾತ್ರಿ ಹನ್ನೊಂದರವರೆಗೆ ಅದು ಉರಿಯುತ್ತದೆ. ಕತ್ತಲ ಹೊಲದಲ್ಲಿ ನೀಲಿಗಣ್ಣಿನ ಕುದುರೆಗಳು ಸಾಲಾಗಿ ಹುಲ್ಲು ಮೇಯೋದನ್ನ ಗೊತ್ತಿಲ್ಲದವರು ನೋಡಿದರೆ ಹೆದರಬೇಕು.

ಇದು ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನ ಸಂಶೋಧನೆಯಿಂದ ಬಂದ ಉಪಾಯ. ಕುದುರೆ ಬೆದೆಗೆ ಬರೋದು ಹಗಲು ಉದ್ದವಾದಾಗ, ಅಂದರೆ ವಸಂತದಲ್ಲಿ. ಆದರೆ ರೇಸಿನವರ ಕ್ಯಾಲೆಂಡರೇ ಬೇರೆ. ಇಲ್ಲಿನ ಥರೋಬ್ರೆಡ್, ಅಂದರೆ ರೇಸಿನ ತಳಿಯ ಕುದುರೆಗಳಿಗೆಲ್ಲಾ ಜನವರಿ 1ಕ್ಕೆ ಒಟ್ಟಿಗೇ ಒಂದು ವಯಸ್ಸು ಏರುತ್ತದೆ. ಡಿಸೆಂಬರ್ 30ಕ್ಕೆ ಹುಟ್ಟಿದ ಮರಿ ಎರಡು ದಿನಕ್ಕೇ ಒಂದು ವರ್ಷದ್ದು! ಗಬ್ಬದ ಅವಧಿ ಹನ್ನೊಂದು ತಿಂಗಳು. ಹಾಗಾಗಿ ಸೀಸನ್ ಫೆಬ್ರವರಿ ಮಧ್ಯಕ್ಕೆ ಶುರುವಾಗಿ ಜುಲೈ ಹೊತ್ತಿಗೆ ಮುಗಿಯುತ್ತದೆ. ಬೇಗ ಹುಟ್ಟಿದ ಮರಿ ಎರಡು ವರ್ಷದ ರೇಸುಗಳಿಗೆ ಸ್ವಲ್ಪ ಬಲಿತಿರುತ್ತದೆ, ಹರಾಜಿನಲ್ಲೂ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ಡಿಸೆಂಬರ್ 1ರಿಂದ ಈ ದೀಪ. ಗೌರಿಯ ಮೈಗೆ ಆಗಲೇ ಹಗಲು ಉದ್ದವಾಗಿದೆ.

ಭಾವ ಅವಳನ್ನು ಲಾಯದ ಮುಂದಿನ ಗಟ್ಟಿ ನೆಲದಲ್ಲಿ ನಿಲ್ಲಿಸಿದರು. ಎದುರಿನಿಂದ ನೋಡಿದರು, ಬದಿಯಿಂದ ನೋಡಿದರು, ನಡೆಸಿ ನೋಡಿದರು. ಎತ್ತರ ಕಮ್ಮಿ. ಹಿಂಭಾಗ ಚೆನ್ನಾಗಿದೆ. ಎಡ ಮುಂಗಾಲಿನ ಮಂಡಿ ಕೆಳಗಿನ ಎಲುಬು ಮಂಡಿಯ ನಡುವಿಗೆ ಸರಿಯಾಗಿ ಕೂತಿಲ್ಲ, ಒಂದು ಎಳೆ ಹೊರಗೆ ಸರಿದಿದೆ. ಗುಣ ಚಿನ್ನ. ರೇಸಿನಲ್ಲಿ ಹತ್ತು ಫರ್ಲಾಂಗ್ ದೂರಕ್ಕೆ ಒಳ್ಳೆಯವಳು, ಆದರೆ ಕೊನೆಯಲ್ಲಿ ಚುರುಕು ಸಾಲದು.

ರಕ್ತದ ಲೆಕ್ಕಕ್ಕೆ ಬಂದರೆ ಅವಳ ಅಪ್ಪನ ಅಪ್ಪ ಗೆಲಿಲಿಯೋ. ತಾಯಿ ಕಡೆ ಡೇನ್‌ಹಿಲ್. ಯುರೋಪಿನಲ್ಲಿ ಇದು ಬಲು ಒಳ್ಳೆಯ ಜೋಡಿ, ಹೆಸರಾಂತ ರೇಸ್ ಕುದುರೆ ಫ್ರಾಂಕೆಲ್ ಹುಟ್ಟಿದ್ದೇ ಗೆಲಿಲಿಯೋಗೂ ಡೇನ್‌ಹಿಲ್ ಮಗಳಿಗೂ. ತೊಂದರೆ ಅಂದರೆ ಎಲ್ಲಿ ನೋಡಿದರೂ ಇದೇ ರಕ್ತ. ಗೆಲಿಲಿಯೋ ಹನ್ನೆರಡು ಸಲ ಚಾಂಪಿಯನ್ ಸೈರ್, ಅಂದರೆ ಮಕ್ಕಳು ರೇಸಿನಲ್ಲಿ ಅತಿ ಹೆಚ್ಚು ಗಳಿಸಿದ ಅಪ್ಪ, ಆದವನು, ಅವನಪ್ಪ ಸ್ಯಾಡ್ಲರ್ಸ್ ವೆಲ್ಸ್ ಹದಿನಾಲ್ಕು ಸಲ. ಅವರ ಮಕ್ಕಳು ಮೊಮ್ಮಕ್ಕಳು ಐರ್ಲೆಂಡ್ ತುಂಬಾ ಇದ್ದಾರೆ. ಗೌರಿಗೆ ಗಂಡು ಹುಡುಕೋದು ಅಂದರೆ ಅರ್ಧ ಪಟ್ಟಿಯನ್ನು ಹೊಡೆದು ಹಾಕೋದು.

ಊಟವಾದ ಮೇಲೆ ಅಡುಗೆಮನೆ ಮೇಜಿನ ಮೇಲೆ ಪಟ್ಟಿ ಮಾಡಿದೆವು. ಮುಂಗಾಲು ನೆಟ್ಟಗಿರಬೇಕು. ವೇಗ ಇರಬೇಕು. ಗೆಲಿಲಿಯೋ ಇರಬಾರದು. ಗಬ್ಬ ಮಾಡಿಸುವ ಫೀ ಹತ್ತು ಸಾವಿರ ಯುರೋ ದಾಟಬಾರದು. ಅಕ್ಕ ಪಟ್ಟಿ ನೋಡಿ, "ಇಷ್ಟೆಲ್ಲಾ ಇದ್ರೆ ಅವನ್ಯಾಕೆ ಹತ್ತು ಸಾವಿರಕ್ಕೆ ಸಿಗ್ತಾನೆ?" ಅಂದಳು. ಅದೇ ಪ್ರಶ್ನೆ ಹೊತ್ತು ನಾಲ್ಕು ಜಿಲ್ಲೆ ತಿರುಗಿದೆವು ಅನ್ನಬಹುದು.

ಶುಕ್ರವಾರ, ಮಲ್ಲಿಂಗರ್ ಮತ್ತು ಟಲ್ಲಿ

ಬೆಳಗ್ಗೆ ಎಂಟೂವರೆಗೂ ಕತ್ತಲೆ. ರಸ್ತೆ ಮೇಲೆ ಮಂಜು ಗಟ್ಟಿಯಾಗಿ ಜಾರುತ್ತಿತ್ತು. ನೇಸ್‌ನಿಂದ ಮಲ್ಲಿಂಗರ್ ಒಂದು ಗಂಟೆಯ ದಾರಿ. ಅಲ್ಲಿ ಟ್ಯಾಲಿ-ಹೋ ಸ್ಟಡ್.

ಇಲ್ಲಿಗೆ ಬಂದದ್ದು ಮೆಹ್ಮಾಸ್‌ನನ್ನು ನೋಡೋಕೆ. 2024ರಲ್ಲಿ ಅವನ ಫೀ 50,000 ಯುರೋ ಇತ್ತು, ಆಗಿನ ನಮ್ಮ ರೂಪಾಯಿಯಲ್ಲಿ ಸುಮಾರು ನಲವತ್ತೈದು ಲಕ್ಷ. ಒಂದು ಮರಿಗೆ! ಕೊಡೋಕೆ ಆಗಲ್ಲ, ಆದರೂ ನೋಡಲೇಬೇಕು ಅಂತ ಭಾವನ ಹಟ. ಯಾಕೆ ಅಂತ ಆಮೇಲೆ ಗೊತ್ತಾಯಿತು.

ಮೆಹ್ಮಾಸ್ ಎರಡು ವರ್ಷದವನಾಗಿದ್ದಾಗ ಮಾತ್ರ ಓಡಿದ್ದು, 2016ರಲ್ಲಿ. ಮರುವರ್ಷವೇ ಸ್ಟಡ್‌ಗೆ ಬಂದ. ಫೀ 12,500 ಯುರೋ. ಹೊಸಬ ಅಂದರೆ ಇಲ್ಲಿ ಎಲ್ಲರಿಗೂ ಹುಚ್ಚು. ಹೊಸ ಹೀರೋನ ಸಿನಿಮಾಗೆ ಫಸ್ಟ್ ಡೇ ಫಸ್ಟ್ ಶೋ ನುಗ್ಗಿದ ಹಾಗೆ ಮೊದಲ ವರ್ಷ ಎಲ್ಲರೂ ತಮ್ಮ ಹೆಣ್ಣುಕುದುರೆ ತರುತ್ತಾರೆ. ಅವನ ಮಕ್ಕಳು ಇನ್ನೂ ಓಡಿಲ್ಲ, ಹಾಗಾಗಿ ಸೋತಿಲ್ಲ. ಹರಾಜಿನಲ್ಲಿ ಅವು ಚೆನ್ನಾಗಿ ಮಾರುತ್ತವೆ. ಎರಡನೇ ವರ್ಷ ಜನ ಕಮ್ಮಿ. ಮೂರು, ನಾಲ್ಕನೇ ವರ್ಷಕ್ಕೆ ಎಲ್ಲರಿಗೂ ಭಯ: ಈಗ ಗಬ್ಬ ಮಾಡಿಸಿದ ಮರಿ ಹುಟ್ಟಿ ಮಾರುವಷ್ಟರಲ್ಲಿ ಮೊದಲ ಮಕ್ಕಳು ಓಡಿ ಸೋತುಬಿಟ್ಟರೆ? ಅದಕ್ಕೇ ಫೀ ಇಳಿಸುತ್ತಾರೆ. 2020ರಲ್ಲಿ ಮೆಹ್ಮಾಸ್ ಫೀ 7,500.

ಅದೇ 2020ರಲ್ಲಿ ಅವನ ಮೊದಲ ಮಕ್ಕಳು ರೇಸಿಗೆ ಇಳಿದವು. ಐವತ್ತಕ್ಕೂ ಹೆಚ್ಚು ಮರಿಗಳು ಎರಡು ವರ್ಷಕ್ಕೇ ಗೆದ್ದವು. ಮೊದಲ ಸೀಸನ್‌ನ ಸೈರ್‌ಗೆ ಅದು ಯುರೋಪಿನ ದಾಖಲೆ. ಮರುವರ್ಷ ಫೀ 25,000, ಆಮೇಲೆ ಅದರ ಎರಡರಷ್ಟು. 2020ರ ವಸಂತದಲ್ಲಿ, ಎಲ್ಲರೂ ಹೊಸಬರ ಹಿಂದೆ ಓಡುವಾಗ, 7,500 ಕೊಟ್ಟು ಸುಮ್ಮನೆ ಇಲ್ಲಿಗೆ ಬಂದವರು ಗೆದ್ದರು.

"ನಮಗೆ ಮೆಹ್ಮಾಸ್ ಬೇಡ. ಅವನ ನಾಲ್ಕನೇ ವರ್ಷ ಬೇಕು," ಅಂದರು ಭಾವ. ಅಂದರೆ ಅಂಥ ಇಳಿಜಾರಿನಲ್ಲಿ ನಿಂತಿರುವ ಯಾವನೋ ಒಬ್ಬ ಬೇಕು.

ಹುಡುಗ ಮೆಹ್ಮಾಸ್‌ನನ್ನು ಹೊರಗೆ ತಂದ. ಕುದುರೆ ನಿಂತ ರೀತಿಯೇ ಬೇರೆ. ಕಿವಿ ಮುಂದಕ್ಕೆ, ನಮ್ಮ ಕಡೆ ಗಮನವೇ ಇಲ್ಲ. ದೂರದಲ್ಲಿ ಎಲ್ಲೋ ಟ್ರಾಕ್ಟರ್ ಸದ್ದು, ಅದರ ಮೇಲೆ ಕಣ್ಣು. ನೋಡುವವರಿಗೆ ನಾಲ್ಕೂ ಕಾಲು ಕಾಣೋ ಹಾಗೆ ಕಾಲು ಹಿಂದೆ ಮುಂದೆ ಮಾಡಿ ನಿಲ್ಲಿಸುತ್ತಾರೆ. ಆಮೇಲೆ ನಡೆಸುತ್ತಾರೆ. ನಡಿಗೆ ನೋಡೋಕೆ ಕಲಿಯಬೇಕು. ಮುಂದಿನ ಗೊರಸು ಇಟ್ಟ ಜಾಗ ನೆನಪಿಟ್ಟುಕೊಳ್ಳಿ. ಹಿಂದಿನ ಗೊರಸು ಅದನ್ನು ದಾಟಿ ಎಷ್ಟು ಮುಂದೆ ಬೀಳುತ್ತೆ? ಒದ್ದೆ ಕಾಂಕ್ರೀಟ್ ಮೇಲೆ ಗುರುತು ಚೆನ್ನಾಗಿ ಕಾಣುತ್ತಿತ್ತು. ಭಾವ ಬಗ್ಗಿ ತಮ್ಮ ಬೂಟಿನಿಂದ ಅಳೆದರು. ಪಕ್ಕದಲ್ಲಿದ್ದ ಐರಿಶ್ ಅಜ್ಜ ನೋಡಿ ನಕ್ಕು, ತಾನೂ ತನ್ನ ಕೋಲಿನಿಂದ ಅಳೆದ.

ಮೆಹ್ಮಾಸ್ ರಕ್ತದಲ್ಲಿ ಗೆಲಿಲಿಯೋ ಇಲ್ಲ, ಸ್ಯಾಡ್ಲರ್ಸ್ ವೆಲ್ಸ್ ಇಲ್ಲ, ಡೇನ್‌ಹಿಲ್ ಕೂಡ ಇಲ್ಲ. ದುಡ್ಡೊಂದು ಇದ್ದಿದ್ದರೆ!

ಮಧ್ಯಾಹ್ನ ವಾಪಸ್ ಕಿಲ್ಡೇರ್‌ಗೆ. ಟಲ್ಲಿಯಲ್ಲಿರುವ ಐರಿಶ್ ನ್ಯಾಷನಲ್ ಸ್ಟಡ್ ಸರ್ಕಾರದ್ದು. ನಮ್ಮವರು ಯಾರಾದರೂ ಐರ್ಲೆಂಡಿಗೆ ಬಂದರೆ ಇಲ್ಲಿಗೆ ಕರೆದುಕೊಂಡು ಹೋಗಿ, ಕುದುರೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಪಕ್ಕದಲ್ಲೇ ಜಪಾನೀ ತೋಟ ಇದೆ.

1900ರಲ್ಲಿ ಈ ಜಾಗ ಕೊಂಡವನು ಕರ್ನಲ್ ಹಾಲ್ ವಾಕರ್. ಅವನಿಗೆ ಜಾತಕದ ಹುಚ್ಚು. ಮರಿ ಹುಟ್ಟಿದ ಗಳಿಗೆ ಬರೆದಿಟ್ಟು ಜಾತಕ ಹಾಕಿಸುತ್ತಿದ್ದ. ನಕ್ಷತ್ರ ಸರಿಯಿಲ್ಲ ಅಂದರೆ ಮರಿ ಎಷ್ಟೇ ಚೆನ್ನಾಗಿದ್ದರೂ ಮಾರಿಬಿಡುತ್ತಿದ್ದ. ಚಂದ್ರನ, ನಕ್ಷತ್ರಗಳ ಪ್ರಭಾವ ಕುದುರೆಗಳ ಮೇಲೆ ಬೀಳಲಿ ಅಂತ ಗಂಡುಕುದುರೆಗಳ ಲಾಯದ ಮಾಡಿನಲ್ಲಿ ಬೆಳಕಿಂಡಿ ಬಿಡಿಸಿದ್ದಾನೆ. ಅವು ಇವತ್ತಿಗೂ ಇವೆ. ನಗಬೇಡಿ, 1909ರ ಡರ್ಬಿ ಗೆದ್ದ ಮಿನೋರು ಹುಟ್ಟಿದ್ದು ಇವನ ಕೈಕೆಳಗೇ. ರಾಜ ಏಳನೇ ಎಡ್ವರ್ಡ್‌ಗೆ ಗುತ್ತಿಗೆಗೆ ಕೊಟ್ಟಿದ್ದ ಕುದುರೆ ಅದು. 1915ರಲ್ಲಿ ತನ್ನ ಕುದುರೆಗಳನ್ನೆಲ್ಲಾ ಬ್ರಿಟಿಷ್ ಸರ್ಕಾರಕ್ಕೆ ಕೊಟ್ಟುಬಿಟ್ಟ.

ಇಲ್ಲಿನ ಹೆಮ್ಮೆ ಇನ್ವಿನ್ಸಿಬಲ್ ಸ್ಪಿರಿಟ್. 2003ರಲ್ಲಿ 10,000 ಯುರೋಗೆ ಶುರುವಾದವನು 1,20,000ವರೆಗೆ ಹೋದ. ಅವನ ತಮ್ಮ ಕೋಡಿಯಾಕ್ ಒಂದೂ ಗ್ರೂಪ್ ರೇಸ್, ಅಂದರೆ ಮೇಲ್ದರ್ಜೆಯ ರೇಸ್, ಗೆದ್ದವನಲ್ಲ. ತಾಯಿ ರಾಫಾ ಒಬ್ಬಳೇ, ಅಪ್ಪಂದಿರು ಬೇರೆ. ಅಣ್ಣನ ಹೆಸರಿನ ಬಲದ ಮೇಲೆ 5,000 ಯುರೋಗೆ ಟ್ಯಾಲಿ-ಹೋದಲ್ಲಿ ನಿಂತ ಕೋಡಿಯಾಕ್, ಎರಡು ವರ್ಷದ ಕುದುರೆಗಳ ವಿಷಯದಲ್ಲಿ ಯುರೋಪಿನ ದೊಡ್ಡ ಸೈರ್‌ಗಳಲ್ಲಿ ಒಬ್ಬನಾದ. ಹಾಗಾದರೆ ಸ್ವತಃ ಗೆದ್ದವನನ್ನು ನೋಡಬೇಕಾ, ಅವನ ಮನೆಯನ್ನು ನೋಡಬೇಕಾ? ನನ್ನ ಕೇಳಿದರೆ ಮನೆಯನ್ನೇ. ಅದರಲ್ಲೂ ತಾಯಿಯನ್ನು. ಕ್ಯಾಟಲಾಗಿನಲ್ಲಿ ಅಪ್ಪನ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ, ಜನ ಅಲ್ಲೇ ನಿಂತುಬಿಡುತ್ತಾರೆ.

ಒಂದು ಲಾಯದ ಮುಂದೆ ಕುದುರೆಯ ಪಾಸ್‌ಪೋರ್ಟ್ ತೋರಿಸುತ್ತಿದ್ದರು. ಕುದುರೆಯ ರೇಖಾಚಿತ್ರದ ಮೇಲೆ ಬಿಳಿ ಗುರುತುಗಳು, ಜೊತೆಗೆ ಅಲ್ಲಲ್ಲಿ ಸಣ್ಣ ಎಕ್ಸ್ ಗುರುತು. ಎಲ್ಲಾ ಸುಳಿಗಳು! ಹಣೆಯ ಸುಳಿ, ಕತ್ತಿನ ಸುಳಿ. ನಮ್ಮ ಜಾತ್ರೆಗಳಲ್ಲಿ ದನ, ಕುದುರೆ ಕೊಳ್ಳುವವರು ಮೊದಲು ಹುಡುಕೋದು ಅದನ್ನೇ. ಇಲ್ಲಿ ಶುಭ ಅಶುಭ ಕೇಳಲ್ಲ, ಬೆರಳಚ್ಚು ಇದ್ದ ಹಾಗೆ ಗುರುತಿಗೆ ಬರೆದುಕೊಳ್ಳುತ್ತಾರೆ ಅಷ್ಟೇ. ಭಾವನಿಗೆ ತಡೀಲಿಲ್ಲ, ನಾಲ್ಕೈದು ಗಂಡುಕುದುರೆಗಳ ಸುಳಿ ನೋಡಿಯೇ ಬಂದರು. ಫಲ ಏನು ಅಂತ ಕೇಳಿದರೆ ಹೇಳಲಿಲ್ಲ.

ಶನಿವಾರ, ಕಿಲ್ಕೆನಿ ಮತ್ತು ಟಿಪ್ಪರೇರಿ

ಕರಗ್ ಬಯಲಿನ ಪಕ್ಕದಲ್ಲೇ ಹೊರಟೆವು. ರೇಸ್ ಕುದುರೆಗಳ ಸಾಲು ಒಂದು ಕಡೆ, ಕುರಿ ಮಂದೆ ಇನ್ನೊಂದು ಕಡೆ. ಐರಿಶ್ ಡರ್ಬಿ ಓಡೋದು ಈ ಬಯಲಲ್ಲೇ.

ಥಾಮಸ್‌ಟೌನ್ ಹತ್ತಿರದ ಬ್ಯಾಲಿಲಿಂಚ್ ಸ್ಟಡ್ ನನಗೆ ಈ ಪ್ರವಾಸದಲ್ಲಿ ಅತಿ ಇಷ್ಟವಾದ ಜಾಗ. ಹಳೇ ಮರಗಳು, ಪಕ್ಕದಲ್ಲಿ ನೋರ್ ನದಿ. ಇಲ್ಲಿನ ಕಥೆ ಶುರುವಾಗೋದು ದಿ ಟೆಟ್ರಾರ್ಕ್ ಅನ್ನೋ ಕುದುರೆಯಿಂದ. ಬೂದು ಮೈ ಮೇಲೆ ಸುಣ್ಣ ಎರಚಿದಂಥ ಮಚ್ಚೆಗಳು. 1913ರಲ್ಲಿ ಏಳು ರೇಸ್ ಓಡಿ ಏಳೂ ಗೆದ್ದ, ಆಮೇಲೆ ಕಾಲು ಪೆಟ್ಟಾಗಿ ಓಡಲೇ ಇಲ್ಲ. ಸ್ಟಡ್‌ಗೆ ಬಂದ ಮೇಲೆ ಅವನಿಗೆ ಹೆಣ್ಣುಕುದುರೆಗಳ ಮೇಲೆ ಆಸಕ್ತಿಯೇ ಇಲ್ಲ! ಇಡೀ ಜೀವಮಾನದಲ್ಲಿ ಹುಟ್ಟಿದ್ದು 130 ಮರಿ. ಈಗಿನ ಜನಪ್ರಿಯ ಗಂಡುಕುದುರೆಗೆ ಅದು ಒಂದು ವರ್ಷಕ್ಕೂ ಸಾಲದು. ಆ 130ರಲ್ಲಿ 80 ಗೆದ್ದವು. ಅವನು ಓಡಿದ್ದೆಲ್ಲಾ ಚಿಕ್ಕ ದೂರ, ಮಕ್ಕಳಲ್ಲಿ ಮೂವರು ಗೆದ್ದದ್ದು ಉದ್ದ ಓಟದ ಸೇಂಟ್ ಲೆಜರ್. ಅವನ ಮಗಳು ಮುಮ್ತಾಜ್ ಮಹಲ್‌ಳನ್ನು ಆಗಾ ಖಾನ್ 9,100 ಗಿನಿಗೆ ಕೊಂಡರು. ನಸ್ರುಲ್ಲಾ, ಮಹಮೂದ್ ಎಲ್ಲಾ ಅವಳ ಕುಡಿಗಳು. ಕಾಗದದ ಮೇಲೆ ಲೆಕ್ಕ ಹಾಕಿ ಗಂಡು ಆರಿಸುವವರಿಗೆ ಟೆಟ್ರಾರ್ಕ್ ಒಂದು ತಲೆನೋವು.

ಈಗ ಇಲ್ಲಿನ ರಾಜ ಲೋಪೆ ಡಿ ವೇಗಾ. ಕೆಂಚು ಬಣ್ಣ, ಹಣೆಯಿಂದ ಮೂತಿವರೆಗೆ ಬಿಳಿ ಪಟ್ಟೆ. 2010ರಲ್ಲಿ ಫ್ರೆಂಚ್ ಗಿನೀಸ್, ಫ್ರೆಂಚ್ ಡರ್ಬಿ ಎರಡೂ ಗೆದ್ದವನು. ಫೀ ಲಕ್ಷ ಯುರೋ ಮೇಲೆ. ಇವನ ವಂಶಪಟ್ಟಿಯಲ್ಲಿ ಅಪ್ಪನ ಕಡೆ ಮೂರನೇ ತಲೆಮಾರಿಗೂ ತಾಯಿ ಕಡೆ ಮೂರನೇ ತಲೆಮಾರಿಗೂ ಒಬ್ಬನೇ, ಮಕಿಯವೆಲಿಯನ್. ಇದನ್ನು ತ್ರೀ ಬೈ ತ್ರೀ ಅಂತಾರೆ. ನಮ್ಮಲ್ಲಿ ಸೋದರ ಸಂಬಂಧ ಬೇಡ ಅಂತ ಈಗ ಡಾಕ್ಟರುಗಳು ಹೇಳ್ತಾರೆ, ಕುದುರೆಯವರು ಮಾತ್ರ ಬೇಕು ಅಂತಲೇ ಮಾಡ್ತಾರೆ. ಫ್ರಾನ್ಸಿನ ದೊಡ್ಡ ರೇಸ್ ಆರ್ಕನ್ನು ಎರಡು ಸಲ ಗೆದ್ದ ಎನೇಬಲ್ ಇದಕ್ಕಿಂತ ಹತ್ತಿರ, ಸ್ಯಾಡ್ಲರ್ಸ್ ವೆಲ್ಸ್ ಅವಳಿಗೆ ತ್ರೀ ಬೈ ಟೂ. ಒಳ್ಳೇದು ಎರಡು ಪಾಲು ಬರಬಹುದು, ಕೆಟ್ಟದ್ದೂ ಎರಡು ಪಾಲು ಬರಬಹುದು. ಎನೇಬಲ್ ಹೆಸರು ಎಲ್ಲರಿಗೂ ಗೊತ್ತು, ಅದೇ ಧೈರ್ಯದಲ್ಲಿ ಹುಟ್ಟಿ ಹೆಸರಿಲ್ಲದೆ ಹೋದವುಗಳ ಪಟ್ಟಿ ಯಾರೂ ಇಟ್ಟಿಲ್ಲ. ನಮ್ಮದು ಒಂದೇ ಕುದುರೆ, ಆ ಜೂಜು ಬೇಡ.

ಬ್ಯಾಲಿಲಿಂಚ್‌ನಲ್ಲಿ ಜಾಸ್ತಿ ಹೊತ್ತು ಉಳಿದೆವು, ಹಾಗಾಗಿ ಫೆಥರ್ಡ್ ತಲುಪುವಾಗ ಮಧ್ಯಾಹ್ನ ದಾಟಿತ್ತು. ಕೂಲ್‌ಮೋರ್. ಗೇಟಿನಿಂದ ಲಾಯದವರೆಗೆ ಒಂದು ಎಲೆ ಬಿದ್ದಿಲ್ಲ. ಗೆಲಿಲಿಯೋ 2021ರ ಜುಲೈನಲ್ಲಿ ಸಾಯೋವರೆಗೂ ಇದ್ದದ್ದು ಇಲ್ಲೇ. ಅವನ ಹೆಣ್ಣುಮಕ್ಕಳು ಇವರ ಹತ್ತಿರ ಎಷ್ಟು ಸೇರಿಹೋಗಿದ್ದರೆಂದರೆ, ಹೊರಗಿನ ರಕ್ತ ಹುಡುಕಿ ಅವರನ್ನು ಜಪಾನಿನ ಡೀಪ್ ಇಂಪ್ಯಾಕ್ಟ್ ಹತ್ತಿರ ಕಳಿಸಿದರು. 2023ರ ಡರ್ಬಿ ಗೆದ್ದ ಆಗಸ್ಟ್ ರೋಡಿನ್ ಹುಟ್ಟಿದ್ದು ಹಾಗೆ. ಅಂದರೆ ಗೌರಿಗಿರುವ ಸಮಸ್ಯೆಯೇ ಕೂಲ್‌ಮೋರ್‌ಗೂ ಇತ್ತು. ಅವರಿಗೆ ವಿಮಾನದ ದುಡ್ಡಿತ್ತು.

ಇನ್ನೊಂದು ಪರಿಹಾರ ವುಟನ್ ಬ್ಯಾಸೆಟ್. ಅವನ ಕಥೆ ಮೆಹ್ಮಾಸ್‌ಗಿಂತ ಸ್ವಾರಸ್ಯ. ಫ್ರಾನ್ಸಿನಲ್ಲಿ 6,000 ಯುರೋಗೆ ಶುರುವಾಗಿ 4,000ಕ್ಕೆ ಇಳಿದವನು. ಮೊದಲ ವರ್ಷದ ಮರಿಗಳು ಬರೀ 23. ಅದರಲ್ಲೊಬ್ಬ ಅಲ್ಮಾಂಜೋರ್, 2016ರಲ್ಲಿ ಫ್ರೆಂಚ್ ಡರ್ಬಿ, ಐರಿಶ್ ಚಾಂಪಿಯನ್ ಸ್ಟೇಕ್ಸ್, ಇಂಗ್ಲೆಂಡಿನ ಚಾಂಪಿಯನ್ ಸ್ಟೇಕ್ಸ್ ಮೂರನ್ನೂ ಹೊಡೆದ. 2020ರಲ್ಲಿ ಕೂಲ್‌ಮೋರ್ ಅಪ್ಪನನ್ನೇ ಕೊಂಡಿತು. 2024ರ ಸೀಸನ್‌ಗೆ ಅವನ ಫೀ 2,00,000 ಯುರೋ ಇತ್ತು.

ಗಂಡು ಹೆಣ್ಣು ಕೂಡಿಸುವ ಕವರಿಂಗ್ ಶೆಡ್ ನೋಡಿದೆವು. ಥರೋಬ್ರೆಡ್‌ಗಳಲ್ಲಿ ಕೃತಕ ಗರ್ಭಧಾರಣೆ ಇಲ್ಲ. ಇಲ್ಲೂ ಇಲ್ಲ, ಭಾರತದಲ್ಲೂ ಇಲ್ಲ. ಹಾಗೆ ಹುಟ್ಟಿದ ಮರಿಗೆ ತಳಿಯ ದಾಖಲೆಯಾದ ಸ್ಟಡ್ ಬುಕ್‌ನಲ್ಲಿ ಜಾಗವಿಲ್ಲ. ನೆಲಕ್ಕೆ ರಬ್ಬರ್, ಗೋಡೆಗೂ ಮೆತ್ತೆ. ಹೆಣ್ಣುಕುದುರೆಯ ಬಾಲಕ್ಕೆ ಬ್ಯಾಂಡೇಜು, ಒದ್ದರೂ ಪೆಟ್ಟಾಗದಂತೆ ಹಿಂಗಾಲಿಗೆ ಮೆತ್ತನೆ ಬೂಟು. ಅವಳು ಬೆದೆಗೆ ಬಂದಿದ್ದಾಳಾ ಅಂತ ನೋಡೋಕೆ ಮೊದಲು ಟೀಸರ್ ಅನ್ನೋ ಇನ್ನೊಂದು ಗಂಡುಕುದುರೆ ಬರುತ್ತದೆ. ಒದೆ ತಿನ್ನೋದು ಅದು, ಹೆಸರು ಬರೋದು ಇನ್ನೊಬ್ಬನಿಗೆ. ಸೀಸನ್‌ನಲ್ಲಿ ದೊಡ್ಡ ಹೆಸರಿನ ಗಂಡುಕುದುರೆಗೆ ದಿನಕ್ಕೆ ಎರಡು ಮೂರು ಸರದಿ. ಅದಕ್ಕೇ ಗೌರಿ ಬೆದೆಯ ದಿನಕ್ಕೇ ಅವನಿಗೆ ಪುರುಸೊತ್ತು ಸಿಗುತ್ತಾ ಅನ್ನೋದೂ ಆಯ್ಕೆಯ ಲೆಕ್ಕಕ್ಕೆ ಬರುತ್ತದೆ. ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು.

ವಾಪಸ್ ಬರುವಾಗ ಕತ್ತಲಾಗಿತ್ತು. ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ ಕಾರಿನಲ್ಲೇ ಮುಗಿಸಿದೆವು.

ಭಾನುವಾರ, ಅಡುಗೆಮನೆ ಮೇಜು

ಎರಡು ದಿನದಲ್ಲಿ ನಾನು ಹೆಸರು ಹೇಳಿದವರಷ್ಟೇ ಅಲ್ಲ, ನಮ್ಮ ಜೇಬಿಗೆ ಹೊಂದುವವರನ್ನೂ ಬೇಕಾದಷ್ಟು ನೋಡಿದ್ದೆವು. ಮೂವರು ಉಳಿದರು.

ಒಬ್ಬ ಹೊಸಬ, ಮೊದಲ ಸೀಸನ್. ಮರಿ ಮಾರೋಕೆ ಸುಲಭ. ನನ್ನ ಗೆಳೆಯರಿಬ್ಬರಿಗೂ ಇವನೇ ಬೇಕು. ಇನ್ನೊಬ್ಬ ಭಾರೀ ಆಳು. ಗೌರಿ ಗಿಡ್ಡ, ಇವನು ಎತ್ತರ, ಮಧ್ಯಮ ಗಾತ್ರದ ಮರಿ ಆಗುತ್ತೆ ಅಲ್ವಾ ಅಂದೆ. ಭಾವ ತಲೆ ಆಡಿಸಿದರು. "ಹಾಗೆ ಕೂಡಿ ಭಾಗಿಸೋಕೆ ಬರಲ್ಲಪ್ಪಾ. ಅವನ ಮೈ, ಇವಳ ಕಾಲು ಬಂದ್ರೆ ಏನ್ ಮಾಡ್ತೀಯ?" ಗಿಡ್ಡಿಗೆ ದೈತ್ಯ ಬೇಡ, ಸಮ ಅಳತೆಯ ನೆಟ್ಟಗಿನವನು ಬೇಕು. ಮಂಡಿಯ ವಿಷಯವೂ ಅಷ್ಟೇ. ಹೊರಗೆ ಸರಿದ ಕಾಲಿಗೆ ಒಳಗೆ ಸರಿದ ಕಾಲು ಮದ್ದಲ್ಲ.

ಮೂರನೆಯವನು ನಾಲ್ಕನೇ ಸೀಸನ್‌ನವನು. ಫೀ ಇಳಿದಿದೆ. ಮೊದಲ ಮಕ್ಕಳು ಈ ವರ್ಷ ಓಡಬೇಕು. ನೆಟ್ಟಗಿನ ಮುಂಗಾಲು, ಉದ್ದ ಹೆಜ್ಜೆ, ಗೆಲಿಲಿಯೋ ಇಲ್ಲ, ತಾಯಿ ಒಳ್ಳೆ ಮನೆಯವಳು. ಸ್ಪೀಡ್ ಜೀನ್ ಲೆಕ್ಕವೂ ಕೂಡುತ್ತದೆ. 2010ರಲ್ಲಿ ಡಬ್ಲಿನ್‌ನ ಎಮ್ಲಿನ್ ಹಿಲ್ ತಂಡ ಮಯೋಸ್ಟಾಟಿನ್ ಜೀನ್ ಮೇಲೆ ಮಾಡಿದ ಕೆಲಸ ಅದು. ಆ ಜೀನ್‌ಗೆ ಸಿ, ಟಿ ಅಂತ ಎರಡು ರೂಪ, ಅಪ್ಪ ಅಮ್ಮನಿಂದ ಒಂದೊಂದು ಬರುತ್ತದೆ. ಸಿ ಎರಡಿದ್ದರೆ ಚಿಕ್ಕ ದೂರದ ವೇಗ, ಟಿ ಎರಡಿದ್ದರೆ ಉದ್ದ ಓಟ, ಒಂದೊಂದಿದ್ದರೆ ನಡುವೆ. ಗೌರಿಯದು ಸಿ-ಟಿ. ಇವನದು ಸಿ-ಸಿ ಅಂತ ಸ್ಟಡ್‌ನವರೇ ಹೇಳಿದರು. ಹಾಗಾದರೆ ಮರಿ ಸಿ-ಸಿ ಇಲ್ಲಾ ಸಿ-ಟಿ, ಎರಡು ಟಿ ಬರೋ ಹಾಗೇ ಇಲ್ಲ. ನಮಗೆ ಬೇಕಾಗಿದ್ದೂ ಅದೇ.

ಗೆಳೆಯರ ಜೊತೆ ಫೋನಿನಲ್ಲಿ ಜಗಳವೇ ಆಯಿತು. ಮಾರೋಕಾ, ಓಡಿಸೋಕಾ ಅಂತ. ಮಾರೋದೇ ಆದರೆ ಹೊಸಬನೇ ಸರಿ, ಅದರಲ್ಲಿ ತಪ್ಪಿಲ್ಲ. ಆದರೆ ಹುಟ್ಟೋದು ಹೆಣ್ಣುಮರಿಯಾದರೆ ಇಟ್ಟುಕೊಳ್ಳಬೇಕು ಅಂತ ಮೂವರಿಗೂ ಆಸೆ. ಇಟ್ಟುಕೊಳ್ಳೋ ಮರಿಗೆ ಫ್ಯಾಷನ್ ಕಟ್ಟಿಕೊಂಡು ಏನಾಗಬೇಕು? ಅರ್ಧ ಗಂಟೆ ಕೂಗಾಡಿ ಒಪ್ಪಿದರು.

ಸೋಮವಾರ

ಬೆಳಗ್ಗೆ ಸ್ಟಡ್‌ನ ನಾಮಿನೇಷನ್ ವಿಭಾಗಕ್ಕೆ, ಅಂದರೆ ಗಂಡುಕುದುರೆಯ ಸರದಿ ಮಾರುವವರಿಗೆ, ಫೋನ್ ಮಾಡಿದೆ. ಬೋರ್ಡಿನ ಮೇಲಿನ ಫೀ ಯಾರೂ ಪೂರ್ತಿ ಕೊಡಲ್ಲ, ಕೇಳಬೇಕು ಅಷ್ಟೇ. ಇಲ್ಲಿ ಕರಾರುಗಳು ಎರಡು ಥರ. ಅಕ್ಟೋಬರ್ 1ಕ್ಕೆ ಗಬ್ಬ ಇದ್ದರೆ ದುಡ್ಡು ಕೊಡೋದು ಒಂದು. ಮರಿ ಹುಟ್ಟಿ, ಎದ್ದು ನಿಂತು, ಬದುಕಿ ಉಳಿದರೆ ಮಾತ್ರ ಕೊಡೋದು ಇನ್ನೊಂದು. ಖಾಲಿ ಉಳಿದಿದ್ದ ಕುದುರೆ ಅಲ್ವಾ, ನಮಗೆ ಎರಡನೆಯದೇ ಬೇಕು. ಅವರು ಮೊದಲನೆಯದನ್ನೇ ಹಿಡಿದು ಕೂತರು. ಆಮೇಲೆ ಗೌರಿಯ ವಂಶಪಟ್ಟಿ ಕಳಿಸಿ ಅಂದರು. ಅಂದರೆ ಆಸಕ್ತಿ ಇದೆ ಅಂತ ಅರ್ಥ. ನಾಲ್ಕನೇ ವರ್ಷದ ಗಂಡುಕುದುರೆಗೆ ಒಳ್ಳೆಯ ಹೆಣ್ಣುಗಳು ಸಿಗೋದೂ ಕಷ್ಟ, ಅದು ನಮಗೂ ಗೊತ್ತು ಅವರಿಗೂ ಗೊತ್ತು.

ಯಾವ ಕುದುರೆ ಅಂತ ಕೇಳಬೇಡಿ. ಕರಾರಿಗೆ ಸಹಿ ಬೀಳೋವರೆಗೂ ಹೆಸರು ಹೊರಗೆ ಬಿಡಬಾರದು ಅಂತ ಭಾವನ ಕಟ್ಟಪ್ಪಣೆ. ಬುಧವಾರ ಗೌರಿಗೆ ಸೋಂಕು ಇದೆಯಾ ಅಂತ ನೋಡುವ ಸ್ವಾಬ್ ಟೆಸ್ಟ್. ಆ ರಿಪೋರ್ಟ್ ಇಲ್ಲದೆ ಕವರಿಂಗ್ ಶೆಡ್ ಒಳಗೆ ಬಿಡಲ್ಲ. ಗೆಳೆಯರಲ್ಲೊಬ್ಬ ಮಧ್ಯಾಹ್ನ ಮತ್ತೆ ಮೆಸೇಜ್ ಹಾಕಿದ್ದಾನೆ, ಹೊಸಬನ ಫೋಟೋ ಜೊತೆ. ಇನ್ನೂ ಉತ್ತರ ಕೊಟ್ಟಿಲ್ಲ.